ಗಾಳಕ್ಕೆ ಬಿದ್ದ ರುಮಾಲು

ಎಲ್ಲದಕ್ಕೂ ಮೂಲ ಒಂದು ಗುಂಡಿ. ಅದು ಬಿದ್ದದ್ದು ಅಂಗಿಯಿಂದ. ಅದರೊಳಗೆ ಬಿದ್ದವನು ಬಸವಂತರಾಯ.

ಬಸವಂತರಾಯ ಸೊನ್ನದ ಶಾಲೆಯ ಮಾಸ್ತರ. ನಿಜಾಮರ ಸೀಮೆಯಲ್ಲಿ ವಾರದ ರಜೆ ಶುಕ್ರವಾರ. ಆ ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಮಾದನಹಿಪ್ಪರಗಾದಿಂದ ಕಲ್ಯಾಣಪ್ಪನವರು ಮೊದಲ ಸಲ ವರನನ್ನು ನೋಡಲು ಬರುವವರಿದ್ದರು. ಅವರ ಮಗಳು ಕಸ್ತೂರಿಬಾಯಿಯನ್ನು ಅವನು ಹೋದ ವರ್ಷ ಒಂದು ಮದುವೆಯ ಪಂಕ್ತಿಯಲ್ಲಿ ನೋಡಿದ್ದ. ಆಕೆ ಸಾರು ಬಡಿಸಲು ಬಂದಾಗ ಇವನು ಎಲೆಯನ್ನು ಬಿಟ್ಟು ಅಂಗೈ ಒಡ್ಡಿದ್ದ. ಆಕೆ ನಕ್ಕುಬಿಟ್ಟಿದ್ದಳು. ಕೈ ಸುಟ್ಟದ್ದು ಮಾಯಿತು, ನಗೆ ಮಾಯಲಿಲ್ಲ.

ತೊಡಕು ಒಂದೇ. ಕಲ್ಯಾಣಪ್ಪನವರದು ಬಲು ಆಚಾರದ ಮನೆ. ಅಲ್ಲಿ ರಾಶಿಗಳ ಹೆಸರು ಹೇಳುವಾಗಲೂ ಕೊನೆಯದು ಮೀನ ಎಂದು ಹನ್ನೊಂದಕ್ಕೇ ನಿಲ್ಲಿಸುತ್ತಾರೆಂದು ಊರ ಮಾತು. ಇತ್ತ ನಮ್ಮ ವರ ಪ್ರತಿ ಶುಕ್ರವಾರ ಅವ್ವನಿಗೆ ಗೊತ್ತಾಗದಂತೆ ಭೀಮಾ ಹೊಳೆಯಲ್ಲಿ ಮೀನಿಗೆ ಗಾಳ ಹಾಕುತ್ತಿದ್ದ. ತಿನ್ನುತ್ತಿರಲಿಲ್ಲ, ಕೊಲ್ಲುತ್ತಿರಲಿಲ್ಲ. ಸಿಕ್ಕಿದ್ದನ್ನು ಕ್ಷೇಮ ವಿಚಾರಿಸಿ ನೀರಿಗೆ ಬಿಡುತ್ತಿದ್ದ. ಗೆಳೆಯ ಚಾಂದಪಾಶಾನ ಹೆಂಡತಿ ಪ್ಯಾರಿಬಿ ಮಾತ್ರ ವಾರವಾರವೂ ಮಸಾಲೆ ಅರೆದಿಟ್ಟು ಕಾಯುತ್ತಿದ್ದಳು.

"ಇವತ್ತ ಹೊರಗ ಹೋಗಬ್ಯಾಡ, ಮಾರಿ ಕರ್ರಗಾಗ್ತದ," ಎಂದಳು ಅವ್ವ ಗುರಮ್ಮ.

"ಹೊಸ ಅಂಗೀದು ಒಂದು ಗುಂಡಿ ಬಿದ್ದದವ್ವ. ಚಾಂದಪಾಶಾನ ಬಲ್ಲಿ ಹಚ್ಚಿಸ್ಕೊಂಡು ಈಗ ಬರ್ತೇನಿ."

ದರ್ಜಿ ಚಾಂದಪಾಶಾ ಅಂಗಡಿಯ ಬಾಗಿಲು ಹಾಕುತ್ತಿದ್ದ. ಕೈಯಲ್ಲಿ ಗಾಳದ ಕೋಲು. ಒಬ್ಬ ಬಿಳಿಯ ಇಂಜಿನಿಯರ್ ಸಾಹೇಬ ವಿಲಾಯತಿಗೆ ಮರಳುವಾಗ ಅವನಿಗೆ ಪ್ರೀತಿಯಿಂದ ಕೊಟ್ಟದ್ದು. ಅದಕ್ಕೆ ಎರೆಹುಳ ಬೇಡ. ಹುಂಜದ ಪುಕ್ಕವನ್ನು ರೇಶಿಮೆ ದಾರದಿಂದ ಕೊಕ್ಕೆಗೆ ಕಟ್ಟಿ ಸುಳ್ಳು ನೊಣ ಮಾಡಿ, ಅದನ್ನು ನೀರಿನ ಮೇಲೆ ಹಾರಿಸುವುದು. ಮೀನು ನಿಜವಾದ ನೊಣವೆಂದು ನಂಬಬೇಕು.

"ಗುಂಡಿ ಅಲ್ಲೇ ಹೊಳಿ ದಂಡಿಗೆ ಕೂತು ಹಚ್ತೀನಿ ಬಾರಪ್ಪ," ಎಂದ ಚಾಂದಪಾಶಾ. "ಲಗ್ನಾದ ಮ್ಯಾಲ ಈ ಕೋಲು ನೀ ಎಲ್ಲಿ ಹಿಡೀತಿ? ಇದ ಕಡೀ ಶುಕ್ರವಾರ."

ಬಸವಂತರಾಯ ಮೀನ ಮೇಷ ಎಣಿಸಿದ. ಮೀನವೇ ಗೆದ್ದಿತು.

ಹೊಳೆಯ ದಂಡೆಯಲ್ಲಿ ಡ್ರಿಲ್ ಮಾಸ್ತರ ದಶರಥ ಆಗಲೇ ಕಾದಿದ್ದ. ಗಾಳ ಎಸೆಯುವುದನ್ನೂ ಆತ ಕವಾಯತು ಮಾಡಿಬಿಟ್ಟಿದ್ದ. "ಏಕ್ ಅಂದ್ರ ಕೋಲು ಹಿಂದ. ದೋ ಅಂದ್ರ ನಿಂದರು, ದಾರ ಹಿಂದ ಪೂರಾ ಬಿಚ್ಚಲಿ. ತೀನ್ ಅಂದ್ರ ಮುಂದ."

ಅಂದು ಹೊಳೆಗೂ ರಜೆಯಿತ್ತೋ ಏನೋ. ನೀರು ಬೆಚ್ಚಗೆ, ಸೋಮಾರಿಯಾಗಿ, ಉಂಡು ಮಲಗಿದ ಎಮ್ಮೆಯ ಹಾಗೆ ಬಿದ್ದಿತ್ತು. ಬಿಸಿಲು ನೆತ್ತಿಗೇರಿದರೂ ಸೊನ್ನದ ಮಾಸ್ತರನ ಗಳಿಕೆ ಸೊನ್ನೆ. ಚಾಂದಪಾಶಾ ಗುಂಡಿ ಹಚ್ಚಿ ಮುಗಿಸಿ, ಅಂಗಿಯನ್ನು ಜಾಲಿಗಿಡಕ್ಕೆ ತೂಗುಹಾಕಿ, ಹೊಸ ನೊಣ ಕಟ್ಟುತ್ತಿದ್ದ. ಮೂವರೂ ಮಾತಾಡದೆ ಕುಳಿತ ಆ ಹೊತ್ತು ಬಸವಂತರಾಯನಿಗೆ ಎಷ್ಟು ಹಿತವಾಯಿತೆಂದರೆ, ಕಸ್ತೂರಿಯೂ ಇಲ್ಲಿ ಕೂತಿದ್ದರೆ ಎಂದು ನೆನೆದ. ಅಷ್ಟರಲ್ಲಿ ದಶರಥ "ಏಕ್" ಎಂದ. ಕನಸಿನಲ್ಲಿದ್ದವನು "ದೋ"ಗೆ ನಿಲ್ಲದೆ ತೀನಿಗೇ ಹಾರಿದ.

ದಾರ ಹಿಂದೆಲ್ಲೋ ತಡೆಯಿತು. ಜಗ್ಗಿದ. ಏನೋ ಭಾರವಾದದ್ದು ಸುತ್ತು ಬಿಚ್ಚುತ್ತ ತಲೆಯ ಮೇಲಿಂದ ಹಾದು ಹೊಳೆಗೆ ಬಿತ್ತು.

"ಮಾಸ್ತರ, ದೊಡ್ಡದ ಹಿಡದ್ಯಪ್ಪ," ಎಂದ ದಶರಥ. "ಎಂಟು ಮೊಳ ಅದ."

ಅದು ರುಮಾಲು. ಹಿಂದೆ ಜಾಲಿಗಿಡದ ಹತ್ತಿರ ಬೋಳುತಲೆಯ ಹಿರಿಯರೊಬ್ಬರು ನಿಂತಿದ್ದರು. ಹಣೆಯ ತುಂಬ ವಿಭೂತಿ. ಇಂಥವರ ಬಾಯಿಂದ ಸುದ್ದಿ ಮಾದನಹಿಪ್ಪರಗಾಕ್ಕೆ ಹೋದರೆ? ಬಸವಂತರಾಯ ಥಟ್ಟನೆ ಬಗ್ಗಿ ಹೊಳೆಯ ನೀರಿನಿಂದ ತನ್ನ ಹಣೆಯ ವಿಭೂತಿ ಒರೆಸಿಕೊಂಡ. ಶಾಲಾ ಇನ್ಸ್‌ಪೆಕ್ಟರರ ದನಿಯನ್ನು ಹುಬೇಹೂಬು ಅಣಕಿಸುವ ವಿದ್ಯೆ ಅವನಿಗಿತ್ತು. ಮೂಗಿನಿಂದಲೇ, ಅವರ ಉರ್ದುವಿನಲ್ಲಿ, "ಮಾಫ್ ಕರೋ ಹಜರತ್, ಗಲತೀ ಹೋಗಯೀ," ಎಂದ.

ಚಾಂದಪಾಶಾ ನಗು ನುಂಗಿ ಮುಂದೆ ಬಂದ. "ಇಂವ ನಮ್ಮ ಹೈದ್ರಾಬಾದ ಕಾಕಾನ ಮಗ್ರಿ. ಕನ್ನಡ ಒಂದಕ್ಷರ ಬರಂಗಿಲ್ಲ."

"ಹೌದೇನು, ಪಾಪ," ಎಂದು ಹಿರಿಯರು ಒದ್ದೆ ರುಮಾಲು ಹಿಂಡಿ ಬಿಸಿಲಿಗೆ ಹರವಿದರು. "ನಾ ಕಲ್ಯಾಣಪ್ಪ, ಮಾದನಹಿಪ್ಪರಗಾದಾಂವ. ಇಲ್ಲಿ ಮಾಸ್ತರನ್ನ ನೋಡಾಕ ಬಂದೇನಿ. ಜಲ್ದಿ ಹೋದ್ರ ಹೆಣ್ಣಿನವರಿಗಿ ಅವಸರ ಅದ ಅಂತಾರ. ಅದಕ್ಕ ಇಲ್ಲಿ ಹೊತ್ತು ಕಳ್ಯಾಕತ್ತೇನಿ."

ಬಸವಂತರಾಯ ಮುಖವನ್ನು ಹೊಳೆಯ ಕಡೆ ತಿರುಗಿಸಿಕೊಂಡ.

"ಆ ಹುಡುಗ ಹ್ಯಾಂಗ್ರಪ್ಪ?" ಎಂದು ಕಲ್ಯಾಣಪ್ಪ ಕೇಳಿದರು.

ಗೆಳೆಯರು ಋಣ ತೀರಿಸಲು ನಿಂತರು. "ಅಂವಾ? ಬಂಗಾರ್ರಿ," ಎಂದ ದಶರಥ. "ಪೂಜಿ ಆಗೂ ತನಕ ನೀರೂ ಮುಟ್ಟಂಗಿಲ್ಲ."

"ಮೀನಿನ ಹೆಸರು ಕಿವೀಗಿ ಬಿದ್ರ ಸ್ನಾನ ಮಾಡ್ತಾನ್ರಿ," ಎಂದ ಚಾಂದಪಾಶಾ. "ನಾ ಓಣ್ಯಾಗ ಬಂದ್ರ ಗಾಳಿ ಯಾ ಕಡಿಂದ ಬರಾಕತ್ತದ ನೋಡಿ ನಿಂದರ್ತಾನ."

ಕಲ್ಯಾಣಪ್ಪನವರ ಮುಖ ಇಳಿಯುತ್ತ ಹೋಯಿತು. "ಅಂಥಾ ಮಂದಿ ನಮ್ಮ ಮನ್ಯಾಗ ಆಗಲೇ ತುಂಬ್ಯಾರ. ಮತ್ತೊಬ್ಬನ್ನ ಎಲ್ಲಿ ಕೂಡಿಸಲಿ?" ಎಂದರು ಮೆಲ್ಲಗೆ. "ನನ್ನ ಮಗಳು ನಗೂ ಹುಡುಗಿ. ಅಂಥಾ ಮನಿ ಸೇರಿದ್ರ ಬಾಯಿಗಿ ಸೆರಗು ಹಿಡಕೊಂಡೇ ಮುದುಕಿ ಆಗ್ತಾಳ. ಬರ್ತೀನಂತ ಮಾತು ಕೊಟ್ಟೇನಿ. ಹೋಗಿ, ಉಂಡು, ಇಲ್ಲ ಅಂದು ಬರ್ತೇನಿ."

ಕಾಕಾನ ಮಗ ಬಾಯಿ ತೆರೆದ. ಕನ್ನಡ ಬಾರದೆಂಬುದು ನೆನಪಾಗಿ ಮುಚ್ಚಿದ. ನೀರಿನಿಂದ ಈಚೆ ಬಿದ್ದ ಮೀನು ಮಾಡುವುದೂ ಅಷ್ಟೇ.

"ಅದೇನು ಆಟ? ನನಗೂ ಕೊಡು ನೋಡೂಣು," ಎಂದು ಹಿರಿಯರು ಕೋಲಿಗೆ ಕೈ ಚಾಚಿದರು. ಬಸವಂತರಾಯ ಅವರ ಹಿಂದೆ ನಿಂತು, ಹೆಗಲ ಮೇಲಿಂದ ಬಗ್ಗಿ, ಅವರ ಮುಂಗೈ ಹಿಡಿದು, ಮಾತಿಲ್ಲದೆ ಕಲಿಸಿದ. ಎಳೆಯ ಮಕ್ಕಳ ಕೈಹಿಡಿದು ಅಕ್ಷರ ತಿದ್ದಿಸಿದ ಕೈ ಅದು. ಹಿರಿಯರ ದಾರ ಗಿಡಕ್ಕೆ ಸಿಕ್ಕಿತು, ಅಂಗಿಗೆ ಸಿಕ್ಕಿತು, ದಶರಥನ ಮೀಸೆಗೂ ಸಿಕ್ಕಿತು. ಇವನು ಪ್ರತಿ ಸಲವೂ ನಗುತ್ತಲೇ ಬಿಡಿಸಿದ. ಕೊನೆಗೊಮ್ಮೆ ಪುಕ್ಕದ ನೊಣ ಗಾಳಿಯಲ್ಲಿ ತೇಲಿ ನೀರಿನ ಮೇಲೆ ಮೆತ್ತಗೆ ಕುಳಿತಾಗ ಕಲ್ಯಾಣಪ್ಪನವರು "ಶಿವಶಿವಾ," ಎಂದರು. ಬೇರೆ ಏನೂ ಆಗಲಿಲ್ಲ. ಮೀನೂ ಬರಲಿಲ್ಲ. ಆದರೂ ಅವರು ಬಹಳ ಹೊತ್ತು ಕೋಲು ಬಿಡಲಿಲ್ಲ.

ಹೊತ್ತು ಇಳಿಯಿತು. ಅವರು ರುಮಾಲು ಸುತ್ತಿಕೊಂಡು ದಾರಿಯಲ್ಲಿ ನಿಲ್ಲಿಸಿದ್ದ ತಮ್ಮ ಬಂಡಿಯ ಕಡೆ ಹೊರಟದ್ದೇ ತಡ, ಬಸವಂತರಾಯ ಅಂಗಿ ಕಸಿದುಕೊಂಡು ಹೊಲಗಳ ಅಡ್ಡದಾರಿಯಲ್ಲಿ ಮನೆಗೆ ಓಡಿದ.

ದೀಪ ಹಚ್ಚುವ ಹೊತ್ತಿಗೆ, ಬಿಸಿಲಿಗೆ ಸುಟ್ಟ ಮುಖ, ಹೊಸ ವಿಭೂತಿ, ಎಲ್ಲ ಗುಂಡಿಗಳೂ ಇರುವ ಅಂಗಿಯೊಂದಿಗೆ ವರ ಚಾಪೆಯ ಮೇಲೆ ತಲೆತಗ್ಗಿಸಿ ಕುಳಿತಿದ್ದ. ಕಲ್ಯಾಣಪ್ಪನವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಮಾಸ್ತರನ್ನ ಎಲ್ಲೋ ನೋಡಿದಂಗಾಗ್ತದಲ್ಲ."

"ಎಲ್ಲಿ ನೋಡ್ತೀರ್ರಿ?" ಎಂದಳು ಗುರಮ್ಮ ಹೆಮ್ಮೆಯಿಂದ. "ನನ್ನ ಮಗ ಶಾಲಿ ಬಿಟ್ರ ಮನಿ, ಮನಿ ಬಿಟ್ರ ಶಾಲಿ."

ಊಟವಾಯಿತು. ಎಲೆಅಡಿಕೆಯ ತಟ್ಟೆಗೆ ಕೈ ಹಾಕುತ್ತ ಕಲ್ಯಾಣಪ್ಪನವರು ಗಂಟಲು ಸರಿಮಾಡಿಕೊಂಡರು. ಬಸವಂತರಾಯ ಕಣ್ಣು ಮುಚ್ಚಿದ.

"ವರ ನಮಗ ಒಪ್ಪಿಗಿ ಅದ. ಆದ್ರ ಒಂದು ಮಾತು. ನಮ್ಮ ಮನ್ಯಾಗಿನ ಹೆಣ್ಣುಮಕ್ಕಳದು ಭಾಳ ಆಚಾರ. ಅಳಿಯಂದ್ರು ಇನ್ನ ಮ್ಯಾಲ ಹೊಳಿ ದಂಡಿಗಿ ಕಾಲಿಡಂಗಿಲ್ಲಂತ ಆಣಿ ಮಾಡಬೇಕು."

"ಇಷ್ಟೇನಾ?" ಎಂದು ಗುರಮ್ಮ ಮಗನ ಕೈಯನ್ನು ಎಳೆದು ತನ್ನ ತಲೆಯ ಮೇಲಿಟ್ಟುಕೊಂಡಳು. ಅವ್ವನ ತಲೆ ಮುಟ್ಟಿ ಮಾಡಿದ ಆಣೆ. ಮುಗಿಯಿತು.

ಬೀಳ್ಕೊಡಲು ಬಂಡಿಯ ತನಕ ಬಂದ ಬಸವಂತರಾಯನನ್ನು ಕಲ್ಯಾಣಪ್ಪನವರು ಬೇವಿನ ಗಿಡದ ಮರೆಗೆ ಕರೆದರು.

"ಹಣಿ ಒರಸ್ಕೊಂಡ್ರಿ, ಖರೆ. ಕೊರಳಾಗಿನ ಶಿವದಾರದ ಲಿಂಗ ಮುಚ್ಕೋಬೇಕಿತ್ತು. ಕೈಹಿಡಿದು ಕಲಸೂ ಮುಂದ ನನ್ನ ಮೂಗಿಗೇ ಬಂದು ಬಡೀತು."

"ಮಾವಾ, ತಪ್ಪಾಯ್ತರಿ..."

"ತಪ್ಪಲ್ಲ. ಅಷ್ಟು ಸಲ ದಾರ ಸಿಗಿಹಾಕಿದ್ರೂ ಸಿಟ್ಟಿಗೇಳದಾಂವ ನನ್ನ ಮಗಳನ್ನ ಅಳಸಂಗಿಲ್ಲ." ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಶುಕ್ರವಾರಕ್ಕೊಮ್ಮಿ ಅಳಿಯಂದ್ರ ಬಲ್ಲಿ ಪುರಾಣ ಕೇಳಾಕ ಹೋಗ್ತೇನಂತ ಮನ್ಯಾಗ ಹೇಳ್ತೇನಿ. ಹೊಳಿಗಿ ಬರ್ತೇನಂತ ನಿಮ್ಮ ಗೆಳೆಯರಿಗಿ ಬಂಡಿ ಹತ್ತೂ ಮುಂದ ಹೇಳಿಟ್ಟೇನಿ. ನೀವು ಮನ್ಯಾಗ ಕೂತು ಜೋರಾಗಿ ಪುರಾಣ ಓದ್ರಿ, ನಾಕು ಮಂದಿಗಿ ಕೇಳಲಿ."

"ಮತ್ತ ನಾ ಯಾವಾಗರಿ ಹೊಳಿಗಿ?"

"ನೀವು ಆಣಿ ಮಾಡೀರಲ್ಲ," ಎಂದು ಕಲ್ಯಾಣಪ್ಪನವರು ಅವನ ಭುಜ ಪ್ರೀತಿಯಿಂದ ತಟ್ಟಿದರು. "ಇರೂದ ಒಂದು ಕೋಲು."

ಬಂಡಿ ಹತ್ತಿದ ಮೇಲೆ ಮತ್ತೆ ಬಗ್ಗಿ ಅವನ ಕಿವಿಯ ಹತ್ತಿರ ಬಂದರು.

"ಇನ್ನೊಂದು. ಕಸ್ತೂರಿಗಿ ಮಾತ್ರ ಈ ಸುದ್ದಿ ಹೇಳಬ್ಯಾಡ್ರಿ. ಆಕೀನೂ ಹೊಳಿಗಿ ಬಂದ್ರ ನನ್ನ ಕೈಗೂ ಕೋಲು ಸಿಗಂಗಿಲ್ಲ."