ಒಂದು ತಂತಿ, ಇಬ್ಬರು ಮಾಸ್ಟರು

ಜೋಳದ ಕಾಳಿನಷ್ಟು ಸ್ವಿಚ್ಚು ಅದು. ಮೋಡೆಮ್ಮಿನ ಬೆನ್ನಿಗೆ, ತಂತಿ ಸಿಕ್ಕಿಸುವ ತೂತುಗಳ ಪಕ್ಕದಲ್ಲಿ, ಯಾರ ತಂಟೆಗೂ ಹೋಗದೆ ತನ್ನ ಪಾಡಿಗೆ ತಾನು ಕೂತಿತ್ತು. ಸದಲಗಾದ ಇಬ್ಬರು ದೊಡ್ಡ ಮನುಷ್ಯರ ತಲೆ ಕೆಡಲು ಅಷ್ಟು ಸಾಕಾಯಿತು. ತಲೆಗಳು ದೊಡ್ಡವು ಅಂತ ಅಲ್ಲ, ಅವುಗಳ ಮೇಲಿನ ಫೇಟಾಗಳು ದೊಡ್ಡವು.

ದುಂಡೇಶ ಆ ಊರಿನ ಹಾಲಿನ ಸಂಘದಲ್ಲಿ ಕಂಪ್ಯೂಟರ್ ಆಪರೇಟರ್. ಸಂಘಕ್ಕೆ ಎರಡು ಕಟ್ಟಡ: ಪೇಟೆಯಲ್ಲಿ ಹೆಡ್ಡಾಫೀಸು, ಊರಾಚೆ ದೂಧಗಂಗಾ ಹೊಳೆಯ ದಾರಿಯಲ್ಲಿ ಡೈರಿ. ಎರಡೂ ಕಡೆ ನಾಲ್ಕು ನಾಲ್ಕು ಕಂಪ್ಯೂಟರು. ತಮ್ಮತಮ್ಮೊಳಗೆ ಅವು ಈಥರ್ನೆಟ್ ತಂತಿಯಲ್ಲಿ ಮಾತಾಡಿಕೊಂಡಿದ್ದವು, ಆದರೆ ಈ ಕಡೆಯವು ಆ ಕಡೆಯವುಗಳ ಮುಖ ಕಂಡಿರಲಿಲ್ಲ. ಹೀಗಾಗಿ ದಿನಾ ಸಂಜೆ ಡೈರಿಯಲ್ಲಿ ಹಾಲು ಅಳೆದು ಮುಗಿದ ಮೇಲೆ ಅದರ ಲೆಕ್ಕವನ್ನು ಪೆನ್ ಡ್ರೈವಿಗೆ ತುಂಬಿಕೊಂಡು, ಸೈಕಲ್ ತುಳಿದು, ಹೆಡ್ಡಾಫೀಸಿಗೆ ಮುಟ್ಟಿಸುವುದು ದುಂಡೇಶನ ಹಣೆಬರಹ. ಹೆಡ್ಡಾಫೀಸಿನ ದರಪಟ್ಟಿ ಮಾತ್ರ ಹಾಲಿನ ಟೆಂಪೋದವನ ಕೈಯಲ್ಲಿ ಡೈರಿಗೆ ಹೋಗುತ್ತಿತ್ತು. ದುಂಡೇಶ ಲೆಕ್ಕ ಮುಟ್ಟಿಸುವ ಹೊತ್ತಿಗೆ ಅಕ್ಕೋಳದ ಕಡೆಯ ಕೊನೆಯ ಬಸ್ಸು ಹೋಗಿಬಿಟ್ಟಿರುತ್ತಿತ್ತು. ಅಕ್ಕೋಳದಲ್ಲಿ ಹೊಸದಾಗಿ ಕೈ ಹಿಡಿದ ಹೆಂಡತಿ ದಾನೇಶ್ವರಿ, ಇಲ್ಲಿ ಹೆಡ್ಡಾಫೀಸಿನ ಮೇಜಿನ ಮೇಲೆ ಮಗ್ಗುಲಾಗುವ ಗಂಡ. ರವಿವಾರಕ್ಕೊಮ್ಮೆ ಮುಖ ನೋಡಿದರೆ ನೋಡಿದರು, ಇಲ್ಲದಿದ್ದರೆ ಇಲ್ಲ.

ಎರಡು ಕಟ್ಟಡಗಳ ನಡುವೆ ಒಂದು ಟೆಲಿಫೋನ್ ತಂತಿ ಪಡೆದು, ಎರಡೂ ತುದಿಗೆ ಒಂದೊಂದು ಡಿಎಸ್ಎಲ್ ಮೋಡೆಮ್ ಕೂಡಿಸಿದರೆ ಲೆಕ್ಕ ತಾನೇ ಹರಿದು ಬರುತ್ತದೆ ಎಂದು ದುಂಡೇಶ ವರ್ಷವಿಡೀ ಗೋಗರೆದಿದ್ದ. ಕೊನೆಗೆ ತಂತಿ ಬಂತು, ಕೊಲ್ಹಾಪುರದ ಅಂಗಡಿಯಿಂದ ಎರಡು ಮೋಡೆಮ್ಮೂ ಬಂದವು. ಮರುದಿನ ಮುಂಜಾನೆ ಹೆಡ್ಡಾಫೀಸಿನ ಸಾಹೇಬರು, ಬಾಪುಸಾಹೇಬರು, ಅವನನ್ನು ಕರೆದು ಹೇಳಿದರು:

"ಇವತ್ತ ಸಂಜೀಕ ಉದ್ಘಾಟನಾ ಇಟ್ಟೇವಿ. ಫೋಟೋದವಗ ಹೇಳಿ ಆಗೇತಿ. ಹತ್ತಿತು ಅಂದ್ರ ಇವತ್ತಿನಿಂದ ನೀ ಕಡೀ ಬಸ್ಸಿಗೆ ಮನೀಗೆ ಹೋಗು. ಹತ್ತಲಿಲ್ಲ ಅಂದ್ರ ಮನೀಗೇ ಹೋಗು, ಮತ್ತ ಬರಬ್ಯಾಡ."

ದುಂಡೇಶ ಹೆಂಡತಿಗೆ ಫೋನ್ ಮಾಡಿದ. "ಇವತ್ತ ಸಂಜೀಕ ಖರೇನ ಬರ್ತೇನಿ."

"ಹೋದ ವಾರಾನೂ ಹಂಗ ಅಂದಿದ್ರಿ," ಅಂದಳು ದಾನೇಶ್ವರಿ. "ನಿಮ್ಮ ಪಾಲಿನ ಹೋಳಿಗಿ ಎಮ್ಮಿ ತಿಂತು. ಇವತ್ತೂ ಬರಲಿಲ್ಲ ಅಂದ್ರ ನಾ ತವರಮನಿಗೆ ಹೋಗಿ ಕುಂಡ್ರತೇನಿ ನೋಡ್ರಿ."

ಇಲ್ಲಿ ಆ ಇಬ್ಬರು ಸಾಹೇಬರ ಬಗ್ಗೆ ಒಂದು ಮಾತು ಹೇಳಲೇಬೇಕು. ಹೆಡ್ಡಾಫೀಸಿನಲ್ಲಿ ಬಾಪುಸಾಹೇಬ, ಡೈರಿಯಲ್ಲಿ ತಾತ್ಯಾಸಾಹೇಬ, ಅಣ್ಣತಮ್ಮಂದಿರ ಮಕ್ಕಳು. ಉಪಾಧ್ಯಕ್ಷ ಆಗಲು ಇಬ್ಬರೂ ಒಲ್ಲೆ ಅಂದಿದ್ದರಿಂದ ಒಬ್ಬರು ಅಧ್ಯಕ್ಷರು, ಇನ್ನೊಬ್ಬರು ಕಾರ್ಯಾಧ್ಯಕ್ಷರು. ಸಮಾರಂಭದಲ್ಲಿ ಫೇಟಾ ಮೊದಲು ಯಾರಿಗೆ ಸುತ್ತಬೇಕು ಎಂಬುದಕ್ಕೆ ಒಮ್ಮೆ ಕುರ್ಚಿಗಳು ಹಾರಾಡಿದ್ದವು. ಅಂದಿನಿಂದ ಇಬ್ಬರು ಫೇಟಾ ಕಟ್ಟುವವರನ್ನು ಕರೆಸಿ, ಏಕ್, ದೋನ್, ತೀನ್ ಅಂತ ಎಣಿಸಿ, ಎರಡೂ ತಲೆಗೆ ಒಟ್ಟಿಗೇ ಸುತ್ತಿಸುವ ಪದ್ಧತಿ ಬಿದ್ದಿತ್ತು. ಕಾರಭಾರವೆಲ್ಲ ಇಷ್ಟೇ. ಎಮ್ಮೆಗಳಿಗೆ ಇದು ಯಾವುದೂ ಗೊತ್ತಿಲ್ಲದ್ದರಿಂದ ಅವು ಪಾಪ ಹಾಲು ಕೊಡುತ್ತಿದ್ದವು.

ದುಂಡೇಶ ಮೊದಲನೇ ಮೋಡೆಮ್ಮನ್ನು ಹೆಡ್ಡಾಫೀಸಿನಲ್ಲಿ ಜೋಡಿಸಿದ. ಬೆನ್ನಿಗಿದ್ದ ಸ್ವಿಚ್ಚು ಏತಕ್ಕೆ ಎಂದು ತಿಳಿಯದೆ ಕೊಲ್ಹಾಪುರದ ಅಂಗಡಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಒತ್ತಿದ. ಅವನು ಮಾಡಿದ ಮೊದಲ ತಪ್ಪು ಇದು.

"ಏಕ್ ಬಾಜೂಲಾ ಮಾಸ್ಟರ್ ಠೇವಾ, ದುಸ್ರ್ಯಾ ಬಾಜೂಲಾ ಸ್ಲೇವ್," ಅಂದ ಅಂಗಡಿಯವ ಮರಾಠಿಯಲ್ಲಿ. ಒಂದು ಕಡೆ ಮಾಸ್ಟರ್ ಇಡಬೇಕು, ಇನ್ನೊಂದು ಕಡೆ ಸ್ಲೇವ್. ಎರಡೂ ಒಂದೇ ಥರ ಇಟ್ಟರೆ ಲೈನು ಹತ್ತುವುದೇ ಇಲ್ಲ ಅಂತಲೂ ಹೇಳಿ ಫೋನ್ ಇಟ್ಟ.

ಪಕ್ಕದಲ್ಲೇ ಹೆಡ್ ಕ್ಲರ್ಕ್ ಮುರಗೆಪ್ಪ ಚಹಾ ಬಶಿಯಲ್ಲಿ ಸುರಿದುಕೊಂಡು ಕುಡಿಯುತ್ತಿದ್ದ. ಕೆಲಸ ಬಿಟ್ಟು ಉಳಿದದ್ದರಲ್ಲೆಲ್ಲ ಬಲು ಚುರುಕು ಈ ಪ್ರಾಣಿ. ಬಶಿ ಅಲ್ಲೇ ಬಿಟ್ಟು ಸಾಹೇಬರ ಖೋಲಿಗೆ ಓಡಿದ.

"ಸಾಹೇಬ್ರ, ಈ ಎರಡು ಡಬ್ಬಿಯೊಳಗ ಒಂದು ಮಾಲಕ ಅಂತ್ರಿ, ಇನ್ನೊಂದು ಆಳು ಅಂತ್ರಿ."

ಬಾಪುಸಾಹೇಬರು ಮೀಸೆ ತಿರುವಿದರು. "ನಮ್ಮದು ಯಾವುದು?"

"ನಮ್ಮದು ಮಾಲಕ ರೀ. ಮತ್ತ ಕೇಳೂದೇನೈತಿ?"

"ಹಂಗಾರ ಬರೋಬ್ಬರಿ ಐತಿ. ದುಂಡ್ಯಾ, ಆ ಆಳಿನ ಡಬ್ಬಿ ಡೈರಿಗೆ ಒಯ್ದು ಕೂಡಸಿ ಬಾ."

ದುಂಡೇಶ ಡಬ್ಬಿ ಕಟ್ಟಿಕೊಂಡು ಸೈಕಲ್ ಏರುವುದರೊಳಗೆ ಮುರಗೆಪ್ಪ ಡೈರಿಗೆ ಫೋನ್ ಮಾಡಿ ಆಗಿತ್ತು. ಹೊಟ್ಟೆಯಲ್ಲಿ ಅನ್ನ ನಿಂತರೂ ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಡೈರಿಯ ಬಾಗಿಲಲ್ಲೇ ತಾತ್ಯಾಸಾಹೇಬರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಏನ ತಂದೀಲೇ?"

"ಮೋಡೆಮ್ ರೀ ಸಾಹೇಬ್ರ."

"ಆಳಿನ ಡಬ್ಬಿ ತಂದೀ ಅನ್ನಲೇ, ದನಾ! ನಾ ಏನು ಆ ಬಾಪೂನ ಮನಿ ಸಗಣಿ ಬಳೀತೇನೇನು? ಇದನ್ನ ಮಾಸ್ಟರ್ ಮಾಡು."

"ಅದು ಹಂಗ ಆಗೂದಿಲ್ರಿ. ಎರಡೂ ಮಾಸ್ಟರ್ ಆದ್ರ ಲೈನ್ ಹತ್ತೂದಿಲ್ಲ."

"ಹತ್ತದಿದ್ರ ಇಲ್ಲ. ಮಾನ ಹೋದಮ್ಯಾಲ ಲೈನ್ ತಗೊಂಡು ಏನ ಮಾಡೂದೈತಿ?"

ದುಂಡೇಶ ತಂತಿ ಜೋಡಿಸಿದ್ದೇ ತಡ, ಹಾಲು ಪರೀಕ್ಷೆ ಮಾಡುವ ಸಪನಾ ತಾನೇ ಸ್ವಿಚ್ಚನ್ನು ಮಾಸ್ಟರ್ ಕಡೆಗೆ ಒತ್ತಿ, ಸಾಹೇಬರ ಮುಖ ನೋಡಿ ನಕ್ಕಳು. ಮೋಡೆಮ್ಮಿನ ಮೇಲೆ ಕೆಂಪು ದೀಪ ಹತ್ತಿತು, ಆರಿತು, ಹತ್ತಿತು, ಆರಿತು. ಅತ್ತ ಹೆಡ್ಡಾಫೀಸಿನಲ್ಲೂ ಅದೇ ಕೆಂಪು ದೀಪ.

ದುಂಡೇಶ ಹೆಡ್ಡಾಫೀಸಿಗೆ ಸೈಕಲ್ ತುಳಿದು ಬಂದು ಬಾಪುಸಾಹೇಬರ ಮುಂದೆ ಕೈಮುಗಿದ. "ಸಾಹೇಬ್ರ, ಡಬ್ಬಿಗೇನು ಮಾನ ಐತ್ರಿ? ನಮ್ಮದನ್ನ ಸ್ಲೇವ್ ಮಾಡ್ತೇನಿ. ಹೊರಗಿನಿಂದ ಯಾರಿಗೂ ತಿಳಿಯೂದಿಲ್ಲ."

"ನನಗ ತಿಳೀತೈತೆಲ್ಲೋ, ದನಾ!"

ಅಷ್ಟರಲ್ಲಿ ಊರಿನ ಶಾಣ್ಯಾರೆಲ್ಲ ಕೂಡಿದರು. ಕರೆಯದಿದ್ದರೂ ಬರುವ ಗುಣ ಆ ಜಾತಿಗೆ ಇದ್ದೇ ಇದೆ. ಆರು ತಿಂಗಳು ಇವರು ಮಾಲಕರು, ಆರು ತಿಂಗಳು ಅವರು ಮಾಲಕರು ಆಗಲಿ ಎಂದ ಒಬ್ಬ. ಮೊದಲ ಆರು ತಿಂಗಳು ಯಾರು ಎಂಬಲ್ಲಿಗೆ ಅದು ಮುರಿದು ಬಿತ್ತು. ಎರಡೂ ಆಳಾಗಲಿ ಎಂದ ಚಹಾದಂಗಡಿಯ ಸುಂದರಾನನ್ನು ಬಾಪುಸಾಹೇಬರು ಹೊರಗೆ ಹಾಕಿಸಿದರು. ಮುರಗೆಪ್ಪ ತಲೆ ಕೆರೆದುಕೊಂಡು, ಮೂರನೇ ಡಬ್ಬಿ ತಂದು ಅದನ್ನೇ ಆಳು ಮಾಡಿ ಇವೆರಡನ್ನೂ ಮಾಲಕ ಮಾಡಬೇಕು ಅಂದ.

"ಹಂಗ ಬರೂದಿಲ್ರಿ ಮುರಗೆಪ್ಪಣ್ಣ," ಅಂದ ದುಂಡೇಶ.

"ನಿನಗ ಬರೂದಿಲ್ಲ ಅನ್ನು. ಮಿಶನ್ನಿಗೆ ಯಾಕ ಬರೂದಿಲ್ಲ?" ಅಂದ ಮುರಗೆಪ್ಪ. ಬಾಪುಸಾಹೇಬರು ಹೌದೆಂದು ತಲೆಯಾಡಿಸಿ, ದುಂಡೇಶನಿಗೆ ಇನ್ನೊಮ್ಮೆ ದನಾ ಅಂದರು.

ಹೊತ್ತು ಮಧ್ಯಾಹ್ನ ದಾಟಿತು. ಹೊರಗೆ ಪೆಂಡಾಲಿನವರು ಬಟ್ಟೆ ಕಟ್ಟುತ್ತಿದ್ದರು. ಊಟವಿಲ್ಲದೆ ಮೆಟ್ಟಿಲ ಮೇಲೆ ಕೂತ ದುಂಡೇಶನಿಗೆ ದಾನೇಶ್ವರಿ ನೆನಪಾದಳು, ಹೋಳಿಗೆ ತಿಂದ ಎಮ್ಮೆಯೂ ನೆನಪಾಯಿತು. ಸಿಟ್ಟು ನೆತ್ತಿಗೇರಿತು. ಮಾನ ಬೇಕಲ್ಲವೇ ಈ ಮಂದಿಗೆ, ತಗೊಳ್ಳಲಿ, ಬೇಕಾದಷ್ಟು ತಗೊಳ್ಳಲಿ ಅಂದುಕೊಂಡ.

ಒಳಗೆ ಹೋಗಿ ಪ್ರಿಂಟರಿನಿಂದ ದಪ್ಪ ಅಕ್ಷರದ ಎರಡು ಚೀಟಿ ತೆಗೆದ. ಎರಡರ ಮೇಲೂ ಒಂದೇ ಶಬ್ದ: ಮಾಸ್ಟರ್. ಬಾಪುಸಾಹೇಬರು ಆ ದಿನ ಅವನಿಗೆ ಎರಡು ಸಲ ದನ ಅಂದಿದ್ದರು, ತಾತ್ಯಾಸಾಹೇಬರು ಒಂದೇ ಸಲ. ಆ ಹಿಶೇಬು ನೋಡಿ ಬಾಪುಸಾಹೇಬರ ಮೋಡೆಮ್ಮಿನ ಸ್ವಿಚ್ಚನ್ನೇ ಸ್ಲೇವ್ ಕಡೆಗೆ ಸರಿಸಿ, ಅದು ಕಾಣದಂತೆ ಮೇಲೆ ಚೀಟಿ ಅಂಟಿಸಿದ. ಆಮೇಲೆ ಸಾಹೇಬರ ಕಿವಿಯಲ್ಲಿ ಉಸುರಿದ:

"ತಾತ್ಯಾಸಾಹೇಬ್ರದ್ದು ಆಳು ಮಾಡಿ ಬರ್ತೇನ್ರಿ. ಅವರಿಗೆ ತಿಳೀದಂಗ. ನೀವೂ ಬಾಯಿ ಬಿಡಬ್ಯಾಡ್ರಿ."

ಬಾಪುಸಾಹೇಬರ ಮುಖ ಅರಳಿತು. "ಶಾಣ್ಯಾ ಅದೀಯಲ್ಲೋ ಮಗನ!"

ಮತ್ತೆ ಸೈಕಲ್. ಡೈರಿಯಲ್ಲಿ ಸ್ವಿಚ್ಚು ಮಾಸ್ಟರ್ ಕಡೆಗೇ ಇತ್ತು. ಅದರ ಮೇಲೂ ಚೀಟಿ ಅಂಟಿಸಿ ತಾತ್ಯಾಸಾಹೇಬರ ಕಿವಿಯಲ್ಲೂ ಅದೇ ಮಾತು ಉಸುರಿದ, ಹೆಸರು ಮಾತ್ರ ಬದಲು. ತಾತ್ಯಾಸಾಹೇಬರು ಖುಷಿಯಿಂದ ಅವನ ಬೆನ್ನಿಗೆ ಗುದ್ದಿದ್ದು ಎರಡು ದಿನ ನೋಯುವಂತಿತ್ತು. ಕೆಂಪು ದೀಪ ಒಂದೆರಡು ಸಲ ಮಿಟುಕಿಸಿ ಹಸಿರಾಯಿತು. ದುಂಡೇಶ ಕಂಪ್ಯೂಟರಿನ ಮುಂದೆ ಕೂತು ನೋಡುತ್ತಾನೆ, ಹೆಡ್ಡಾಫೀಸಿನ ನಾಲ್ಕೂ ಕಂಪ್ಯೂಟರುಗಳು ಡೈರಿಯ ಪರದೆಯ ಮೇಲೆ ಸಾಲಾಗಿ ಬಂದು ನಿಂತಿವೆ. ಅವನ ಕಣ್ಣಲ್ಲಿ ನೀರು ಬಂತು.

ಸಂಜೆ ಉದ್ಘಾಟನೆ ಸಾಂಗವಾಗಿ ನಡೆಯಿತು. ಫೇಟಾಗಳನ್ನು ಏಕ್, ದೋನ್, ತೀನ್ ಎಂದು ಸುತ್ತಿದರು. ಇಬ್ಬರೂ ತಮ್ಮತಮ್ಮ ಕಟ್ಟಡದಲ್ಲಿ, ಫೋನಿನಲ್ಲಿ ಎಣಿಸಿಕೊಂಡು, ಒಂದೇ ಸಲ ಉದ್ಘಾಟನೆಯ ಗುಂಡಿ ಒತ್ತಿದರು. ಆ ತುದಿಯ ಆಳನ್ನು ನೆನೆದು ಈ ತುದಿಯವರು ನಕ್ಕರು, ಈ ತುದಿಯ ಆಳನ್ನು ನೆನೆದು ಆ ತುದಿಯವರು ನಕ್ಕರು. ಇಷ್ಟು ಸಂತೋಷದ ಸಮಾರಂಭ ಸಂಘದಲ್ಲಿ ಹಿಂದೆ ಆಗಿರಲಿಲ್ಲ. ಎಲ್ಲರಿಗೂ ಪೇಢೆ ಹಂಚಿದರು.

ದುಂಡೇಶ ಹೆಡ್ಡಾಫೀಸಿನಲ್ಲಿ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಡೈರಿಯಲ್ಲಿ ಹಾಲು ಅಳೆದು ಮುಗಿದಿತ್ತು. ಲೆಕ್ಕ ಬಂದಿತೆಂದರೆ ಸ್ಟ್ಯಾಂಡಿಗೆ ಓಡುವುದೊಂದೇ ಬಾಕಿ. ಆದರೆ ಪರದೆಯ ಮೇಲೆ ಏನೂ ಬರಲಿಲ್ಲ. ದೀಪ ನೋಡಿದರೆ ಹಸಿರೇ ಇತ್ತು. ಸಪನಾಳಿಗೆ ಫೋನ್ ಹಚ್ಚಿದ.

"ಲೆಕ್ಕಾ ಕಳಸವ್ವಾ ಲಗೂನ, ಬಸ್ ಬರೂ ಹೊತ್ತಾತು."

"ಸಾಹೇಬ್ರು ಬ್ಯಾಡ ಅಂದಾರ," ಅಂದಳು ಸಪನಾ. "ಮಾಲಕ್ರು ಎಲ್ಲೆರ ಆಳಿಗೆ ಮದಲ ಲೆಕ್ಕಾ ಒಪ್ಪಸ್ತಾರೇನು ಅಂತಾರ. ಮದಲ ಅಲ್ಲಿಂದ ದರಪಟ್ಟಿ ಬರಲಿ, ಆಮ್ಯಾಲ ನೋಡೂಣು ಅಂತ."

ದುಂಡೇಶ ಬಾಪುಸಾಹೇಬರ ಖೋಲಿಗೆ ಓಡಿದ. "ಸಾಹೇಬ್ರ, ಆ ದರಪಟ್ಟಿ ಒಂದು ಕಳಿಸಿಬಿಡ್ರಿ. ಬರೇ ಒಂದು ಗುಂಡಿ ಒತ್ತೂದು."

"ನಾ ಮದಲ ಕಳಸಲೇನು? ಆಳಿಗೆ?" ಬಾಪುಸಾಹೇಬರು ಕಣ್ಣು ಕೆಂಪು ಮಾಡಿದರು. "ಮದಲ ಅವ ಲೆಕ್ಕಾ ಒಪ್ಪಸಲಿ."

"ಹಂಗಾರ ಫೇಟಾ ಸುತ್ತಿದಂಗ, ಏಕ್ ದೋನ್ ತೀನ್ ಅಂದು ಇಬ್ಬರೂ ಕೂಡೇ ಒತ್ರಿ!"

ಬಾಗಿಲಲ್ಲಿ ನಿಂತ ಮುರಗೆಪ್ಪ ಬಾಯಲ್ಲಿ ಪೇಢೆ ಇಟ್ಟುಕೊಂಡೇ ಮಾತಾಡಿದ. ಸಾಹೇಬರು ಅವನಿಗೆ ಗುಟ್ಟು ಹೇಳಿ ಆಗಿತ್ತು. "ಸರೀಕರ ಜೋಡಿ ಕೂಡೇ ಒತ್ತೂದು ಸರಿ. ಉದ್ಘಾಟನಾ ಮುಗೀತು, ಫೋಟೋ ಆತು. ಇನ್ನ ಆಳಿನ ಜೋಡಿ ಏನು ಕೂಡೇ?"

ದುಂಡೇಶ ಬಾಯಿ ತೆರೆದ. ಯಾರು ಆಳು ಎಂಬ ನಿಜ ನಾಲಗೆಯ ತುದಿಗೆ ಬಂದು ಕೂತಿತ್ತು. ಹೇಳಿದರೆ ಕೆಲಸ ಹೋಗುತ್ತದೆ, ಬಾಪುಸಾಹೇಬರ ಕೈಯಲ್ಲಿ ಬೆನ್ನೂ ಉಳಿಯುವುದಿಲ್ಲ. ಹೆಗಲಿನ ಚೀಲ ಇಳಿಸಿ ಮೇಜಿನ ಮೇಲಿಟ್ಟ.

"ಅವ ಸೊಕ್ಕಿನಿಂದ ಕಳಸಲಿಲ್ಲಂದ್ರ ಸಂಘದ ಕೆಲಸ ನಿಲ್ಲಬಾರದು," ಅಂದರು ಬಾಪುಸಾಹೇಬರು ದೊಡ್ಡ ಮನಸ್ಸು ಮಾಡಿ. "ದುಂಡೇಶಾ, ಪೆನ್ ಡ್ರೈವ್ ತಗೊಂಡು ಹೋಗಿ ಲೆಕ್ಕಾ ತಗೊಂಡು ಬಾ."

ಸಪನಾ ಇನ್ನೂ ಫೋನಿನಲ್ಲೇ ಇದ್ದಳು. "ಸಾಹೇಬ್ರು ಹೇಳಾಕತ್ತಾರ, ಬರೂ ಮುಂದ ದರಪಟ್ಟಿ ಅದರಾಗೇ ಹಾಕ್ಕೊಂಡು ಬಾ ಅಂತ. ಲೈನ್ ಬಂದೈತೆಲ್ಲ, ಟೆಂಪೋದವಗ ಇವತ್ತಿನಿಂದ ತರಬ್ಯಾಡ ಅಂತ ಹೇಳಿಬಿಟ್ಟಾರ."

ನಿನ್ನೆಯ ತನಕ ಒಂದು ಕಡೆಯ ಹೊರೆ ಇತ್ತು, ಇವತ್ತಿನಿಂದ ಎರಡು ಕಡೆಯದು. ದರಪಟ್ಟಿ ತುಂಬಿಕೊಂಡು ದುಂಡೇಶ ಸೈಕಲ್ ಏರಿದ. ತಲೆಯ ಮೇಲೆ ಕಂಬದಿಂದ ಕಂಬಕ್ಕೆ ಹೊಸ ತಂತಿ ಅವನ ಜೊತೆಗೇ ಡೈರಿಯ ತನಕ ಬರುತ್ತಿತ್ತು. ಹೊಳೆಯ ದಾರಿಗೆ ತಿರುಗುವಾಗ ಅಕ್ಕೋಳದ ಬಸ್ಸು ಎದುರಿಗೆ ಬಂದು, ಹಾರ್ನ್ ಬಾರಿಸಿ, ಧೂಳೆಬ್ಬಿಸಿ ಹೋಯಿತು. ಕಿಸೆಯಲ್ಲಿ ಫೋನ್ ಬಡಿದುಕೊಂಡಿತು. ದಾನೇಶ್ವರಿಯದು.

"ಹತ್ತಿತೇನ್ರಿ ಲೈನು?"

"ಹತ್ತೇತಿ," ಅಂದ ದುಂಡೇಶ, ಏದುಸಿರು ಬಿಡುತ್ತ. "ಎರಡೂ ಕಡೆ ಹಸರ ದೀಪ."

"ಹಂಗಾರ ಬಸ್ಸಿನ್ಯಾಗ ಅದೀರೇನು? ಹೋಳಿಗಿ ಹಚ್ಚಲೇನು? ಎಲ್ಲಿ ತನಕ ಬಂದ್ರಿ?"

ದುಂಡೇಶ ಹಿಂದಿನ ಹೆಡ್ಡಾಫೀಸನ್ನು ನೋಡಿದ, ಮುಂದಿನ ಡೈರಿಯನ್ನು ನೋಡಿದ, ಮೇಲಿನ ತಂತಿಯನ್ನೂ ಒಮ್ಮೆ ನೋಡಿದ.

"ನಡಬರಕ ಅದೀನಿ," ಅಂದ. "ಹೋಳಿಗಿ ಎಮ್ಮಿಗೆ ಹಾಕು."