ಸ್ವಯಂಸಾರಥಿಯ ಮೊದಲ ಪಾಠ

"ಒಂದು ಬೆರಳು ಸಾಕು ಅತ್ತಿಗೆ. ಅದೂ ಕಿರುಬೆರಳು."

ನನ್ನ ಮೈದುನ ತಿಪ್ಪೇರುದ್ರ ನಮ್ಮ ಮನೆಯ ಮುಂದೆ, ನನ್ನದೇ ಜೀಪಿನಲ್ಲಿ ಕುಳಿತು, ಬೀದಿಯ ಹದಿನೈದು ಜನರೆದುರು ಕಿರುಬೆರಳಿನಿಂದ ಸ್ಟೀರಿಂಗ್ ತಿರುಗಿಸಿ ತೋರಿಸಿದ. ಚಕ್ರ ಬುಗುರಿಯಂತೆ ತಿರುಗಿತು. ಇಂಜಿನ್ ಮಾತ್ರ ಆಫ್ ಆಗಿತ್ತು. ಏಕೆಂದರೆ ತಿಪ್ಪೇರುದ್ರನಿಗೆ ಗಾಡಿ ಓಡಿಸಲು ಬರುವುದಿಲ್ಲ. ನಲವತ್ತೆರಡು ವರ್ಷದ ಈ ಗಂಡಸು ಗಾಡಿಗಳನ್ನು ಬಿಚ್ಚುತ್ತಾನೆ, ಸುಧಾರಿಸುತ್ತಾನೆ, ಓಡಿಸುವ ಕೆಲಸ ಬೇರೆಯವರಿಗೆ ಬಿಡುತ್ತಾನೆ.

ನನಗೆ ಆಗಲೇ ಸಿಟ್ಟು ಬಂದಿತ್ತು. ಆ ದಿನ ಸಂಜೆಯವರೆಗೂ ಅದು ಇಳಿಯಲಿಲ್ಲವಾದ್ದರಿಂದ ಮೊದಲೇ ಹೇಳಿಬಿಡುತ್ತೇನೆ.

ನಾನು ದಾಕ್ಷಾಯಣಿ. ಚಿತ್ರದುರ್ಗದ ಸುತ್ತಲಿನ ಗುಡ್ಡಗಳಲ್ಲಿರುವ ಹಟ್ಟಿಗಳಿಗೆ ಹೋಗಿ ಕುರಿಗಳಿಗೆ ಲಸಿಕೆ ಹಾಕುವುದು ನನ್ನ ಕೆಲಸ. ಅಲ್ಲಿಗೆ ರಸ್ತೆ ಅನ್ನುವುದೇ ಇಲ್ಲ. ಬಂಡೆಯ ಮೇಲೆ ಬಂಡೆ, ನಡುವೆ ಜಾಲಿಮುಳ್ಳು. ಇಪ್ಪತ್ತು ವರ್ಷ ಈ ಜೀಪು ನನ್ನನ್ನು ಅಲ್ಲಿಗೆಲ್ಲ ಒಯ್ದು ತಂದಿದೆ, ಒಂದು ದಿನ ಗೊಣಗಿದ್ದಿಲ್ಲ. ಎರಡು ತಿಂಗಳ ಕೆಳಗೆ ರುದ್ರನ ಕಣ್ಣು ಅದರ ಮೇಲೆ ಬಿತ್ತು. ಬಂಡೆ ಹತ್ತಲು ದೊಡ್ಡ ಟಯರ್ ಬೇಕೆಂದು ನನ್ನ ಎದೆಯೆತ್ತರದ ನಾಲ್ಕು ಟಯರ್ ತಂದು ಕೂರಿಸಿದ. ಜೀಪು ಬಂಡೆ ಹತ್ತಿತು, ಸುಳ್ಳು ಹೇಳುವುದಿಲ್ಲ. ಆದರೆ ಸ್ಟೀರಿಂಗ್ ತಿರುಗಲಿಲ್ಲ. ಒಂದೊಂದು ತಿರುವಿಗೂ ನಾನು ಸೀಟಿನಿಂದ ಎದ್ದುನಿಂತು ಬೀಸುಕಲ್ಲು ಎಳೆದಂತೆ ಎಳೆಯಬೇಕಾಯಿತು. ಬಲಭುಜ ಬಿದ್ದುಹೋಯಿತು. ತಲೆ ಬಾಚಿಕೊಳ್ಳಲು ಕೈ ಏಳುತ್ತಿರಲಿಲ್ಲ.

"ನನ್ನ ಹಳೇ ಟಯರ್ ಹಾಕಿಕೊಡು" ಎಂದೆ.

"ಹಳೇ ಟಯರ್ ಯಾಕತ್ತಿಗೆ? ಸ್ಟೀರಿಂಗೇ ಬದಲಾಯಿಸಿಬಿಡ್ತೀನಿ."

ತಾನೇ ತಂದಿಟ್ಟ ನೋವಿಗೆ ತಾನೇ ಮದ್ದು ಅರೆಯುವುದು ಅವನ ಜೀವನದ ಕಸುಬು. ಹೀಗೆ ಹುಟ್ಟಿದ್ದು ಸ್ವಯಂಸಾರಥಿ. ಮುಂದಿನ ಗಾಲಿಗಳಿಗೆ ಎರಡು ಮೋಟಾರು, ಬಂಪರಿನಲ್ಲಿ ಒಂದು ಗಾಜಿನ ಕಣ್ಣು, ಸ್ಟೀರಿಂಗ್ ಪಕ್ಕದಲ್ಲಿ ಊಟದ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆ. ಇದು ಕಣ್ಣಿನಿಂದ ದಾರಿ ನೋಡಿ ತಾನೇ ಗಾಲಿ ತಿರುಗಿಸುತ್ತದಂತೆ.

"ಇದಕ್ಕೆ ದಾರಿ ಹೆಂಗೆ ಗೊತ್ತಾಗುತ್ತೆ?" ಎಂದು ಕೇಳಿದೆ.

"ಕಲಿಯುತ್ತೆ ಅತ್ತಿಗೆ. ಮೊದಲ ಹತ್ತು ನಿಮಿಷ ನೀವು ಚಕ್ರ ತಿರುಗಿಸಿದಂಗೆ ಕೇಳುತ್ತೆ. ಎಲ್ಲಿಗೆ ಹೋದ್ರೆ ಸರಿ ಅಂತ ನೋಡ್ಕೊಳ್ಳುತ್ತೆ. ಸರಿ ಮಾಡ್ದಾಗ ಚಪ್ಪಾಳೆ ಹೊಡೀಬೇಕು, ಅದಕ್ಕೆ ಕಿವೀನೂ ಇಟ್ಟಿದ್ದೀನಿ. ಒಂದ್ಸಲ ಕಲಿತ್ರೆ ಸಾಯೋಗಂಟ ಮರೆಯಲ್ಲ."

"ಹತ್ತು ನಿಮಿಷ ಆದಮೇಲೆ ಈ ಚಕ್ರ?"

"ಅದು ನಿಮ್ಮ ಸಮಾಧಾನಕ್ಕೆ."

ಪಾಠಕ್ಕಾಗಿ ಜೀಪನ್ನು ಕಾಲೇಜು ಮೈದಾನಕ್ಕೆ ಒಯ್ಯೋಣ ಎಂದು ರುದ್ರ ಹೇಳಿದ್ದು ನಿಜ. ಅವತ್ತು ಅಮಾವಾಸ್ಯೆ. "ಹೊಸ ಸಾಮಾನು ಕೂರಿಸಿದ್ದೀಯ. ಪೂಜೆ ಆಗದೆ ಈ ಗಾಡಿ ಗೇಟು ದಾಟಕೂಡದು" ಎಂಬ ಮಾತು ಬಂತು. ಆ ಮಾತು ಯಾರ ಬಾಯಿಂದ ಬಂತು ಎನ್ನುವುದನ್ನು ಆಮೇಲೆ ಹೇಳುತ್ತೇನೆ.

ನಮ್ಮತ್ತೆ ಗೌರಮ್ಮ ಬಾನೆಟ್ಟಿಗೆ ಕುಂಕುಮವಿಟ್ಟು, ಆರತಿಯೆತ್ತಿ, ಗಾಲಿಗೊಂದರಂತೆ ನಾಲ್ಕು ನಿಂಬೆಹಣ್ಣು ಇಟ್ಟರು. ನಾನು ಜೀಪನ್ನು ಮುಂದೆ ಬಿಟ್ಟೆ. ಸಣ್ಣ ಟಯರಾಗಿದ್ದರೆ ನಾಲ್ಕೂ ಒಂದೇ ಸಲಕ್ಕೆ ಪಚಕ್ ಎನ್ನುತ್ತಿದ್ದವು. ಈ ಟಯರಿನ ಕಚ್ಚುಗಳಲ್ಲಿ ಒಂದು ಮುಷ್ಟಿ ತೂರುತ್ತದೆ. ನಿಂಬೆಹಣ್ಣುಗಳು ಆ ಸಂದಿನಲ್ಲಿ ಅವಿತು, ಒಂದು ಗೀರೂ ಆಗದೆ ಹಿಂದಿನಿಂದ ಉರುಳಿ ಬಂದವು.

"ಒಡೀದಿದ್ರೆ ಒಳ್ಳೇದಲ್ಲ ಕಣೇ, ಇನ್ನೊಂದು ಸಲ" ಎಂದರು ಅತ್ತೆ.

ಹಿಂದೆ ಬಂದೆ. ಮುಂದೆ ಹೋದೆ. ಹಣ್ಣು ಎಲ್ಲಿ ಉರುಳಿತೋ ಅಲ್ಲಿಗೆ ಚಕ್ರ ತಿರುಗಿಸಿದೆ. ಆರನೆಯ ಸಲಕ್ಕೆ ಮೊದಲನೆಯದು ಒಡೆಯಿತು, ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ಎರಡನೆಯದಕ್ಕೆ ಇನ್ನೂ ಜೋರಾಗಿ. ನಾಲ್ಕನೆಯದು ಸಿಡಿದಾಗ ಅತ್ತೆಯೂ ಆರತಿ ತಟ್ಟೆ ಕೆಳಗಿಟ್ಟು ಚಪ್ಪಾಳೆ ಹೊಡೆದರು. ಆಗ ಪೆಟ್ಟಿಗೆ ಟಿಂಗ್ ಎಂದಿತು, ಹಸಿರು ದೀಪ ಹತ್ತಿತು.

ರುದ್ರ ಗಡಿಯಾರ ನೋಡಿ, "ಹತ್ತು ನಿಮಿಷ ಮುಗೀತು" ಎಂದ. ಅವನ ಮುಖ ಸಪ್ಪಗಾಗಿತ್ತು. ಮೈದಾನ ತಪ್ಪಿತೆಂದು ಬೇಜಾರಾಗಿರಬೇಕು ಅಂದುಕೊಂಡೆ.

ಅಷ್ಟರಲ್ಲಿ ಫೋನು ಬಂತು. ಬೊಮ್ಮನಗುಂಡು ಹಟ್ಟಿಯ ಕುರಿಗಾಹಿ ಜುಂಜಣ್ಣ.

"ಅಕ್ಕಾ, ಪಕ್ಕದ ಹಟ್ಟೀಗೆ ಹಿರೇಬೇನೆ ಬಂದೈತೆ. ನಿನ್ನೆಯಿಂದ ಹನ್ನೊಂದು ಕುರಿ ಹೋದ್ವು. ನಮ್ಮವು ಇನ್ನಾ ಚೆಂದಾಗವೆ. ಇವತ್ತೇ ಬಾರಕ್ಕಾ."

ಜುಂಜಣ್ಣನಿಗೆ ಮುನ್ನೂರ ಹನ್ನೆರಡು ಕುರಿ. ಅವನಿಗೆ ಹೊಲವಿಲ್ಲ, ಬೇರೆ ದುಡಿಮೆಯಿಲ್ಲ, ಇರುವುದೆಲ್ಲ ಆ ಮುನ್ನೂರ ಹನ್ನೆರಡೇ. ಹಿರೇಬೇನೆ ಹಿಂಡಿಗೆ ಹೊಕ್ಕ ಮೇಲೆ ಲಸಿಕೆ ಹಾಕಿದರೂ ಒಂದೇ, ಹಾಕದಿದ್ದರೂ ಒಂದೇ. ಆಗ ಗಂಟೆ ಒಂಬತ್ತು. ಲಸಿಕೆಯ ಪೆಟ್ಟಿಗೆಗೆ ಮಂಜುಗಡ್ಡೆ ತುಂಬಿದೆ. ಬಿಸಿಲಿನಲ್ಲಿ ಅದು ಮಧ್ಯಾಹ್ನ ಎರಡು ಗಂಟೆಯವರೆಗೆ ತಡೆಯುತ್ತದೆ. ಆಮೇಲೆ ಲಸಿಕೆಗೂ ನೀರಿಗೂ ವ್ಯತ್ಯಾಸವಿಲ್ಲ. ದಾರಿ ಒಂದೂವರೆ ಗಂಟೆಯದು. ಧಾರಾಳ ಸಮಯ ಅಂದುಕೊಂಡು, ರುದ್ರನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೊರಟೆ.

ಬೀದಿಯ ಕೊನೆಯಲ್ಲಿ ಎಡಕ್ಕೆ ಹೋಗಬೇಕು. ಚಕ್ರವನ್ನು ಎಡಕ್ಕೆ ತಿರುಗಿಸಿದೆ. ಜೀಪು ಬಲಗಡೆಯ ಇಂಡಿಕೇಟರ್ ಹಾಕಿ, ಸಾವಧಾನವಾಗಿ ಬಲಕ್ಕೆ ತಿರುಗಿ, ಕಿರಾಣಿ ಅಂಗಡಿಯ ಎರಡು ಮೆಟ್ಟಿಲು ಹತ್ತಿತು. ನಾನು ಬ್ರೇಕ್ ಒತ್ತಿದೆ. ಬಾಗಿಲಿಗೆ ಆಗತಾನೇ ಕಟ್ಟಿದ್ದ ನಿಂಬೆ ಮೆಣಸಿನಕಾಯಿಯ ಸರ ಬಂಪರಿಗೆ ತಾಗಿ ತೂಗಾಡುತ್ತಿತ್ತು.

"ಏನಮ್ಮಾ ಇದು, ಮನೆಗೆ ಸಾಮಾನು ಬೇಕಾದ್ರೆ ಇಳಿದು ಬರಬಾರದಾ?" ಎಂದ ಅಂಗಡಿಯವ.

"ಬ್ರೇಕು ನಂದು, ತಿರುಗಿಸೋದು ಇವನದು. ಇವನ್ನ ಕೇಳಿ" ಎಂದೆ.

ರುದ್ರ ಪೆಟ್ಟಿಗೆಗೆ ಕಿವಿಗೊಟ್ಟು, "ಹೊಸದಲ್ವಾ, ನಾಚಿಕೆ" ಎಂದ.

ಹಿಂದಕ್ಕೆ ತೆಗೆದು ಮತ್ತೆ ಹೊರಟರೆ ವೃತ್ತದಲ್ಲಿ ಒಂದು ಆಟೋ ಅಡ್ಡ ಬಂತು. ಅದರ ಹಿಂದೆ ಒಂದು ನಿಂಬೆಹಣ್ಣು ನೇತಾಡುತ್ತಿತ್ತು. ಜೀಪು ಅದರ ಬೆನ್ನು ಹತ್ತಿತು. ಆಟೋ ಸಂದಿಗೆ ಹೋದರೆ ಸಂದಿಗೆ, ಗಲ್ಲಿಗೆ ಹೋದರೆ ಗಲ್ಲಿಗೆ, ಪ್ರತಿ ತಿರುವಿಗೂ ತಪ್ಪದೆ ಇಂಡಿಕೇಟರ್ ಹಾಕುತ್ತಾ. ನಾನು ಬ್ರೇಕ್ ಹಾಕಿ ನಿಲ್ಲಿಸಿದರೆ ನಿಲ್ಲುತ್ತದೆ, ಕಾಲು ತೆಗೆದರೆ ಮತ್ತೆ ಹುಡುಕಿಕೊಂಡು ಹೋಗುತ್ತದೆ. ನಾಲ್ಕನೆಯ ಗಲ್ಲಿಯಲ್ಲಿ ಆಟೋದವನು ಇಳಿದು ಕೈಮುಗಿದ.

"ತಾಯೀ, ನಾನೇನು ತಪ್ಪು ಮಾಡಿದ್ದೀನಿ? ನನ್ನ ಗಾಡಿ ಮೇಲೇ ಯಾಕೆ ಕಣ್ಣು?"

ನನಗೂ ಅದೇ ತಿಳಿಯಬೇಕಿತ್ತು.

ತಿಳಿದದ್ದು ಸಂತೆ ಮೈದಾನದ ಪಕ್ಕದಲ್ಲಿ. ಅಲ್ಲಿ ಹನುಮಕ್ಕ ಶರಬತ್ತಿನ ಗಾಡಿ ಇಟ್ಟುಕೊಂಡಿದ್ದಾಳೆ. ಗೋಣಿಚೀಲದ ಮೇಲೆ ನೂರಾರು ನಿಂಬೆಹಣ್ಣಿನ ರಾಶಿ ಸುರಿದುಕೊಂಡು ಆರಿಸುತ್ತಿದ್ದಳು. ಜೀಪು ರಾಶಿಯನ್ನು ಕಂಡದ್ದೇ ನಡುಗಿತು, ನಿಜವಾಗಿಯೂ ನಡುಗಿತು. ಹಾರನ್ ಒತ್ತಿದೆ, ಕೂಗಿದೆ, ಬ್ರೇಕ್ ತುಳಿದೆ. ಹನುಮಕ್ಕ ಮೊರ ಬಿಟ್ಟು ಓಡಿದಳು. ಒದ್ದೆ ನೆಲದ ಮೇಲೆ ಜಾರಿದ ಜೀಪು ರಾಶಿಯ ಮೇಲೆ ಹೋಯಿತು. ಹೋದದ್ದು ಹಿಂದೆ ಬರಲು ನಾನು ರಿವರ್ಸ್ ಹಾಕಿದರೆ, ಉಳಿದ ಹಣ್ಣುಗಳ ಮೇಲೆ ಗಾಲಿ ತಿರುಗಿಸಿಕೊಂಡು ಹಿಂದೆ ಬಂತು. ಆಮೇಲೆ ತಣ್ಣಗೆ ನಿಂತು ಯಾವುದಕ್ಕೋ ಕಾಯತೊಡಗಿತು.

ಸುತ್ತ ನೆರೆದಿದ್ದ ಜನ ನಗುತ್ತಾ ಚಪ್ಪಾಳೆ ತಟ್ಟಿದರು. ಪೆಟ್ಟಿಗೆ ಟಿಂಗ್ ಎಂದಿತು.

ಆಗ ನನಗೆ ಹೊಳೆಯಿತು. ಇದು ನಮ್ಮತ್ತೆಯ ಪೂಜೆ ಮಾಡುತ್ತಿದೆ. ಲೋಕದಲ್ಲಿ ಗಾಲಿಗಳಿರುವುದೇ ನಿಂಬೆಹಣ್ಣು ಒಡೆಯಲು ಎಂದು ಹತ್ತು ನಿಮಿಷದಲ್ಲಿ ಕಲಿತಿದೆ, ಸಾಯುವವರೆಗೂ ಮರೆಯುವುದಿಲ್ಲ.

"ಬಿಚ್ಚು ಇದನ್ನ. ಈಗಲೇ ಬಿಚ್ಚು" ಎಂದೆ.

"ಬಿಚ್ಚಿದ್ರೆ ಗಾಲಿ ತಿರುಗಿಸೋಕೆ ಏನೂ ಇರಲ್ಲ ಅತ್ತಿಗೆ. ಹಳೇ ಸ್ಟೀರಿಂಗಿನ ಹಲ್ಲುಗಳನ್ನೇ ಕರಗಿಸಿ ಈ ಮೋಟಾರಿಗೆ ಹಾಕಿದ್ದೀನಿ."

"ನನ್ನ ಸ್ಟೀರಿಂಗ್ ಕರಗಿಸಿದೆಯಾ?"

"ನಾನು ಮೈದಾನಕ್ಕೆ ಹೋಗೋಣ ಅಂದೆ. ಪೂಜೆ ಆಗದೆ ಗೇಟು ದಾಟಕೂಡದು ಅಂದವರು ಯಾರು?"

ನಾನೇ. ಆ ಮಾತು ಹೇಳಿದ್ದು ನಾನೇ, ಅತ್ತೆಯಲ್ಲ. ಅವನು ಅದನ್ನು ಹನುಮಕ್ಕನ ಎದುರಿಗೆ, ಅಷ್ಟು ಜನರೆದುರಿಗೆ ಹೇಳಿದ್ದಕ್ಕೆ ನನ್ನ ಸಿಟ್ಟು ಎರಡು ಪಾಲಾಯಿತು. ಅವನ ಮೇಲೆ ಒಂದು ಪಾಲು, ನನ್ನ ಮೇಲೆ ಒಂದು ಪಾಲು. ನನ್ನ ಪಾಲನ್ನೂ ಅವನ ಮೇಲೆಯೇ ಹಾಕಿದೆ.

ಗಂಟೆ ಹನ್ನೊಂದಾಗಿತ್ತು. ಜುಂಜಣ್ಣ ಮತ್ತೆ ಫೋನು ಮಾಡಿದ. "ಎಲ್ಲಿದ್ದೀಯಕ್ಕಾ?" ಎಂದು ಅಷ್ಟೇ ಕೇಳಿದ. ಬೇರೆ ಗಾಡಿ ಹತ್ತೋಣವೆಂದರೆ ಆ ಬಂಡೆಗಳನ್ನು ಹತ್ತುವುದು ಈ ದರಿದ್ರ ಜೀಪೊಂದೇ.

"ಹನುಮಕ್ಕಾ, ನಾಳೆ ಬೆಳಗಾಗೋದರಲ್ಲಿ ಇಷ್ಟೇ ಹಣ್ಣು ತಂದು ಸುರೀತೀನಿ. ಈಗ ಒಂದೇ ಒಂದು ಉಳಿದಿದ್ರೆ ಕೊಡು."

ಹನುಮಕ್ಕ ನನ್ನ ವಂಶವನ್ನೆಲ್ಲ ಬೈಯುತ್ತಲೇ ಸೆರಗಿನಿಂದ ಒಂದು ನಿಂಬೆಹಣ್ಣು ತೆಗೆದು ಕೊಟ್ಟಳು. ಪಕ್ಕದ ಅಂಗಡಿಯಿಂದ ಉದ್ದನೆಯದೊಂದು ಬಿದಿರಿನ ಗಳ, ದಾರ ತಂದೆ. ಗಳದ ತುದಿಗೆ ಹಣ್ಣು ಕಟ್ಟಿ, ರುದ್ರನ ಕೈಗೆ ಕೊಟ್ಟು, ಕಿಟಕಿಯಿಂದ ಮುಂದಕ್ಕೆ ಚಾಚಿಸಿದೆ.

"ನಾನು ಎಡ ಅಂದ್ರೆ ಹಣ್ಣು ಎಡಕ್ಕೆ ಹಿಡಿ. ಬಲ ಅಂದ್ರೆ ಬಲಕ್ಕೆ. ಬಾಯಿ ಬಿಟ್ಟರೆ ಕೆಳಗಿಳಿಸ್ತೀನಿ."

ಹೊರಟೆವು. ಮೂಗಿನ ನೇರಕ್ಕೆ ಹಣ್ಣು ತೂಗುತ್ತಿದ್ದರೆ ಜೀಪಿಗೆ ಅಂಗಡಿ, ಆಟೋ ಯಾವುದೂ ಬೇಕಿರಲಿಲ್ಲ. ಊರು ದಾಟಿತು. ಹೆದ್ದಾರಿ ದಾಟಿತು. ಗುಡ್ಡದ ಬುಡದಲ್ಲಿ, ನಾನು ಐದು ಸಲ ಹಿಂದೆ ಮುಂದೆ ಮಾಡುತ್ತಿದ್ದ ತಿರುವನ್ನು ಒಂದೇ ಸಲಕ್ಕೆ ತಿರುಗಿತು. ನನ್ನ ಭುಜ ಎರಡು ತಿಂಗಳಲ್ಲಿ ಮೊದಲ ಬಾರಿಗೆ ನೋಯಲಿಲ್ಲ. ಇದಕ್ಕೂ ನನಗೆ ಸಿಟ್ಟು ಬಂತು.

"ನೋಡಿದ್ರಾ ಅತ್ತಿಗೆ, ಎಷ್ಟು ಹಗುರ" ಎಂದ ರುದ್ರ.

"ಎಡ" ಎಂದೆ.

ಹಟ್ಟಿ ತಲುಪುವಾಗ ಹನ್ನೆರಡೂವರೆ. ಹಿಂಡನ್ನು ಮುಳ್ಳಿನ ದೊಡ್ಡಿಯಲ್ಲಿ ಕೂಡಿಹಾಕಿಕೊಂಡು ಜುಂಜಣ್ಣ ಕಾಯುತ್ತಿದ್ದ. ಆದರೆ ಈ ಟಯರುಗಳು ಬಂಡೆಯ ಮೇಲೆ ಉರುಳುವ ಸದ್ದಿದೆಯಲ್ಲ, ಅದನ್ನು ಕೇಳಿ ಮುನ್ನೂರ ಹನ್ನೆರಡೂ ಒಟ್ಟಿಗೆ ಬೆಚ್ಚಿ, ಬೇಲಿ ಮುರಿದು ಚೆಲ್ಲಾಪಿಲ್ಲಿಯಾದವು. ನಾಲ್ಕು ಪಕ್ಕೆಯ ಬೇಲಿಯಲ್ಲಿ ಮೂರು ನೆಲಕ್ಕೆ ಮಲಗಿದವು. ಜುಂಜಣ್ಣ ತಲೆಯ ಮೇಲೆ ಕೈಹೊತ್ತು ಬಂಡೆಯ ಮೇಲೆ ಕುಳಿತುಬಿಟ್ಟ.

"ಬೇಲಿ ಕಟ್ಟೋಕೆ ಸಂಜೆ ಆಗುತ್ತೆ ಕಣಕ್ಕ. ಬಿಟ್ಟ ಕುರೀನ ಒಂದೊಂದಾಗಿ ಹಿಡಿಯೋದು ಹೆಂಗೆ?"

ಲಸಿಕೆಯ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದೆ. ಮಂಜುಗಡ್ಡೆ ಅಂಗೈಯಷ್ಟು ಉಳಿದಿತ್ತು.

ಆ ಕ್ಷಣದಲ್ಲಿ ನನಗೆ ಬಂದ ಸಿಟ್ಟಿಗೆ ಹೆಸರಿಲ್ಲ. ಆ ಸಿಟ್ಟಿನಲ್ಲೇ ರುದ್ರನ ಕೈಯಿಂದ ಗಳ ಕಿತ್ತುಕೊಂಡೆ. ಅದನ್ನು ಬಂಪರಿನ ಎಡಮೂಲೆಗೆ ಓರೆಯಾಗಿ ಬಿಗಿದು ಕಟ್ಟಿದೆ. ರುದ್ರನನ್ನು ಡ್ರೈವರ್ ಸೀಟಿಗೆ ದಬ್ಬಿ, ಪಕ್ಕದಿಂದ ಕಾಲು ಚಾಚಿ ಕ್ಲಚ್ ತುಳಿದು ಒಂದನೇ ಗೇರು ಹಾಕಿ ಇಳಿದುಬಿಟ್ಟೆ. ಡೀಸೆಲ್ ಇಂಜಿನ್ನು, ಕಾಲಿಡದಿದ್ದರೂ ಎತ್ತಿನಂತೆ ನಡೆಯುತ್ತದೆ.

ಜೀಪು ಎಡಕ್ಕೆ ತೂಗುವ ನಿಂಬೆಹಣ್ಣನ್ನು ಹಿಡಿಯಲು ಹೊರಟಿತು. ಹಣ್ಣು ಇನ್ನೂ ಎಡಕ್ಕೆ ಹೋಯಿತು. ಜೀಪೂ ಹೋಯಿತು. ಮುರಿದ ದೊಡ್ಡಿಯ ಸುತ್ತ ಒಂದು ಸುತ್ತು, ಎರಡು ಸುತ್ತು, ಗೆರೆ ಎಳೆದಂತೆ. ಇಂಡಿಕೇಟರ್ ಹಾಕಿಕೊಂಡೇ. ಜುಂಜಣ್ಣನಿಗೆ ತಟ್ಟನೆ ಅರ್ಥವಾಯಿತು. ಎದ್ದು ನಾಯಿಗಳಿಗೆ ಸಿಳ್ಳೆ ಹಾಕಿದ. ಅವು ಕುರಿಗಳನ್ನು ಗುಂಪು ಗುಂಪಾಗಿ ಅಟ್ಟಿಕೊಂಡು ಬಂದು, ಜೀಪು ಆಚೆ ಬದಿಗೆ ಹೋದಾಗಲೆಲ್ಲ ಒಳಗೆ ನುಗ್ಗಿಸಿದವು. ಒಳಗೆ ಹೋದ ಕುರಿ ಹೊರಗೆ ಬರಲಿಲ್ಲ. ಆ ಟಯರು ಎದುರಿಗೆ ಬರುತ್ತಿದ್ದರೆ ಯಾವ ಕುರಿ ದಾಟುತ್ತದೆ?

ಸಿರಿಂಜು ಹಿಡಿದು ನಾನೂ ಒಳಗೆ ಹೋದೆ. ಜುಂಜಣ್ಣ ಹಿಡಿದ, ನಾನು ಚುಚ್ಚಿದೆ.

ಐವತ್ತಾಗಿತ್ತು. ಜೀಪಿನಿಂದ ಕೂಗು ಬಂತು. "ಅತ್ತಿಗೆ, ಇದನ್ನ ನಿಲ್ಲಿಸೋದು ಹೆಂಗೆ?"

ನನಗೆ ಕೇಳಿಸಲಿಲ್ಲ.

ನೂರೆಂಬತ್ತಾಗಿತ್ತು. "ಅತ್ತಿಗೆ, ತಲೆ ತಿರುಗ್ತಾ ಇದೆ. ಕಾಲಡಿ ಮೂರು ಇದಾವೆ, ಇದರಲ್ಲಿ ಬ್ರೇಕ್ ಯಾವುದು?"

"ಕೊನೇ ಕುರಿ ಆದಮೇಲೆ ಹೇಳ್ತೀನಿ."

"ಇನ್ನೂ ಎಷ್ಟಿವೆ?"

"ನನ್ನ ಸ್ಟೀರಿಂಗ್ ಕರಗಿಸೋವಾಗ ಕೇಳಿದ್ದೆಯಾ?"

ಜುಂಜಣ್ಣ ಕುರಿಯ ಕಿವಿ ಹಿಡಿದುಕೊಂಡೇ ನಕ್ಕ. ಬೆಳಗಿನಿಂದ ಅವನು ನಕ್ಕಿರಲಾರ. ಅವನ ನಗು ನೋಡಿ ನನ್ನ ಸಿಟ್ಟು ಒಂದು ಚಿಟಿಕೆಯಷ್ಟು ಕಡಿಮೆಯಾಗುವುದರಲ್ಲಿತ್ತು. ಅಷ್ಟರಲ್ಲಿ ರುದ್ರ ಎದುರಿಗೆ ಹಾದುಹೋಗುತ್ತಾ, "ನೋಡಿದ್ರಾ ಅತ್ತಿಗೆ, ಎಷ್ಟು ಉಪಯೋಗಕ್ಕೆ ಬಂತು" ಎಂದದ್ದರಿಂದ ಮತ್ತೆ ಮೊದಲಿನಷ್ಟಾಯಿತು.

ಎರಡು ಗಂಟೆಗೆ ಹತ್ತು ನಿಮಿಷವಿತ್ತು. ಪೆಟ್ಟಿಗೆಯಲ್ಲಿ ನಿಂಬೆಹಣ್ಣಿನಷ್ಟು ಮಂಜು ಉಳಿದಿತ್ತು. ಮುನ್ನೂರ ಹನ್ನೆರಡನೆಯದು ಒಂದು ಕುಂಟು ಮರಿ. ಅದಕ್ಕೂ ಸೂಜಿ ಚುಚ್ಚಿ, ಬೆನ್ನು ಸವರಿ ಬಿಟ್ಟೆ. ಸಿರಿಂಜು ತೊಳೆದೆ. ಕೈ ತೊಳೆದೆ. ಜುಂಜಣ್ಣನ ಹೆಂಡತಿ ಕೊಟ್ಟ ಮಜ್ಜಿಗೆ ಕುಡಿದೆ. ಇನ್ನೊಂದು ಲೋಟ ಕೇಳಿ ಕುಡಿದೆ.

ಆಮೇಲೆ ರುದ್ರ ಸುತ್ತಿ ಬರುವುದನ್ನೇ ಕಾದು, ಹತ್ತಿರ ಬಂದಾಗ ಹೇಳಿದೆ.

"ನಡುವಿನದು."