ಖಂಡೇಪೂಜೆಗೆ ಕುಳಿತ ಬಗ್ಗಿ

ವಯಸ್ಸಾದ ಮೇಲೆ ಗಂಡಸಿಗೆ ಆಟಿಕೆಯ ಆಸೆ ಹೋಗುತ್ತದೆ ಎಂದು ಯಾರು ಹೇಳಿದರೋ ಕಾಣೆ. ಆಸೆ ಎಲ್ಲಿಗೂ ಹೋಗುವುದಿಲ್ಲ, ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಹೋಗುತ್ತದೆ, ಅಷ್ಟೇ. ಎಂಬತ್ತರ ದಶಕದಲ್ಲಿ ನಾನು ನವಲಗುಂದದಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಯಾವುದೋ ಹಳೆಯ ಇಂಗ್ಲಿಷ್ ಮಾಸಪತ್ರಿಕೆಯಲ್ಲಿ ರೇಡಿಯೋದಿಂದ ಓಡುವ ಬಗ್ಗಿಯ ಚಿತ್ರ ನೋಡಿದೆ. ದಪ್ಪ ಗಾಲಿಯ ಪುಟ್ಟ ಗಾಡಿ. ದೂರ ನಿಂತು ಕೈಯಲ್ಲಿನ ಡಬ್ಬಿಯ ಕಡ್ಡಿ ಸರಿಸಿದರೆ ಕಲ್ಲು, ಹೆಂಟೆ ಏನಿದ್ದರೂ ಹತ್ತಿ ಇಳಿಯುತ್ತದಂತೆ. ಅಂದಿನಿಂದ ನನಗೆ ರೊಟ್ಟಿ ರುಚಿಸಲಿಲ್ಲ.

ಹೊಸದನ್ನು ಕೊಳ್ಳುವ ತಾಕತ್ತು ಮಾಸ್ತರಿಕೆಗೆಲ್ಲಿ? ಹುಬ್ಬಳ್ಳಿಯ ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿಯಲ್ಲಿ, ಯಾರೋ ದುಬೈನಿಂದ ತಂದು ಮುರಿದ ರಿಮೋಟ್ ಕಾರಿನ ಒಳಸಾಮಾನು ಸಿಕ್ಕಿತು. ಅದರ ಮೋಟಾರು ಸುಟ್ಟಿತ್ತು. "ಜೋರಿಂದು ಒಂದು ಮೋಟಾರ ಐತ್ರಿ ಸರ. ಟೇಪಿಂದೂ ಒಂದೈತಿ, ಅದು ಸೋವಿ ಬೀಳತೈತಿ" ಎಂದ ಅಂಗಡಿಯವ. ನಾನು ಸೋವಿಯದನ್ನೇ ಆರಿಸಿ, ಉಳಿದ ದುಡ್ಡಿಗೆ ಕೆಂಪು ಬಣ್ಣ ತಂದೆ. ಬಲದಲ್ಲಿ ಉಳಿಸಿ ಬಣ್ಣಕ್ಕೆ ಸುರಿಯುವ ಬುದ್ಧಿ ನನ್ನದು. ಮದುವೆಯ ಫೋಟೋದಲ್ಲಿ ನನ್ನ ಕಡ್ಡಿ ಮೈ, ಜರಿ ರುಮಾಲು ನೋಡಿದವರಿಗೆ ಇದು ಹೊಸದೇನಲ್ಲ.

ಪ್ಲೈವುಡ್ ತುಂಡು ತಳವಾಯಿತು, ಬಾಲ್‌ಪೆನ್ನಿನ ಸ್ಪ್ರಿಂಗುಗಳು ಗಾಲಿಗಳ ಮೇಲೆ ಕುಳಿತವು. ಗಾಲಿಗಳನ್ನು ಹೆಂಡತಿಯ ಹವಾಯಿ ಚಪ್ಪಲಿಯಿಂದ ಕತ್ತರಿಸಿದೆ. ಚಪ್ಪಲಿ ಹಳೆಯದೆಂದು ನಾನು ತಿಳಿದಿದ್ದೆ, ಅವಳು ತಿಳಿದಿರಲಿಲ್ಲ. "ಏನ ಮಾಡಾಕತ್ತೀರಿ ಇದು?" ಎಂದು ಬರಿಗಾಲಲ್ಲಿ ನಿಂತು ಕೇಳಿದಳು. ಆಟಿಕೆ ಎನ್ನಲು ನಾಲಿಗೆ ಏಳಲಿಲ್ಲ. "ಒಂದು ಯಂತ್ರ" ಎಂದೆ. ಉಳಿದದ್ದನ್ನು ಅವಳೇ ಊಹಿಸಿಕೊಂಡಳು. ಕೆಲವೇ ದಿನಗಳಲ್ಲಿ ಓಣಿಗೆಲ್ಲ ಸುದ್ದಿ: ಮಾಸ್ತರರು ಎತ್ತಿಲ್ಲದೆ ಹೊಲ ಹರಗುವ ಯಂತ್ರದ ನಮೂನೆ ಮಾಡುತ್ತಿದ್ದಾರೆ. "ನಮ್ಮವರು ಅಗದೀ ಶಾಣ್ಯಾ ಅದಾರ್ರೀ ಅಕ್ಕಾರ" ಎಂದು ಅವಳು ಪಕ್ಕದ ಮನೆಯಾಕೆಗೆ ಹೇಳುವುದು ಕಿವಿಗೆ ಬಿತ್ತು. ಮದುವೆಯಾದಾಗಿನಿಂದ ಅವಳ ಬಾಯಲ್ಲಿ ಇಂಥ ಮಾತು ಕೇಳಿರಲಿಲ್ಲ. ಅದನ್ನು ಕಳೆದುಕೊಳ್ಳಲು ಮನಸ್ಸಾಗದೆ ನಾಚಿಕೆಗೆಟ್ಟು ಸುಮ್ಮನಿದ್ದೆ.

ಅಷ್ಟರಲ್ಲಿ ಖಂಡೇಪೂಜೆ, ಎಂದರೆ ನಮ್ಮ ಕಡೆಯ ಆಯುಧಪೂಜೆ, ಬಂತು. ಕುಡಗೋಲು, ಕುರ್ಪಿ, ಹೊಲಿಗೆ ಯಂತ್ರ, ನನ್ನ ಸೈಕಲ್ಲು ಇವುಗಳ ನಡುವೆ ಜಮಖಾನೆಯ ಮೇಲೆ ನನ್ನ ಬಗ್ಗಿ ಕುಂಕುಮ, ಸೇವಂತಿಗೆ ಏರಿಸಿಕೊಂಡು ಕುಳಿತಿತು. ಪೂಜೆಗಿಟ್ಟ ಆಯುಧವನ್ನು ದಶಮಿಯವರೆಗೆ ಮುಟ್ಟುವಂತಿಲ್ಲ. ಹಾಗಾಗಿ ಒಮ್ಮೆ ಓಡಿಸಿ ನೋಡುವ ಅವಕಾಶವೂ ತಪ್ಪಿತು.

ದಶಮಿಯ ಸಂಜೆ ಬನ್ನಿ ಕೊಡಲು ಓಣಿಯವರೆಲ್ಲ ಬಂದರು. ತಿರ್ಲಾಪುರದಲ್ಲಿ ಹತ್ತಿ ಬೆಳೆಯುವ ನಮ್ಮ ಮಾವನವರೂ ಬಂದಿದ್ದರು. ಬಗ್ಗಿಯನ್ನು ಸುತ್ತು ಹಾಕಿ ನೋಡಿ, "ನಮ್ಮ ಕರೀ ಎರಿ ಹೊಲದಾಗ ನಡೀತೈತ್ರೀ ಇದು?" ಎಂದು ಕೇಳಿದರು. "ಇನ್ನೂ ನಮೂನಿ ಐತ್ರಿ ಮಾವಾರ" ಎಂದು ಗೊಣಗಿದೆ. ಹೆಂಡತಿ ಅದನ್ನು ಅಂಗಳಕ್ಕೆ ತಂದು, ಎಲ್ಲ ಗಾಡಿಗಳಿಗೂ ಮಾಡುವಂತೆ, ಮುಂದಿನ ಗಾಲಿಗಳಿಗೆ ಒಂದೊಂದು ಲಿಂಬೆಹಣ್ಣನ್ನು ಉರುಳದ ಹಾಗೆ ಮಣ್ಣಿಗೆ ಒತ್ತಿ ಇಟ್ಟಳು. ಹಣ್ಣು ಗಾಲಿಯಷ್ಟೇ ಎತ್ತರವಿತ್ತು. "ಇದನ್ನ ತುಳದ ಹೋಗಬೇಕ್ರಿ" ಎಂದಳು.

ಕಡ್ಡಿ ಸರಿಸಿದೆ. ಬಗ್ಗಿ ಗುಂಯ್ ಎಂದಿತು, ನಡುಗಿತು, ಚಪ್ಪಲಿಯ ಗಾಲಿಗಳು ನಿಂತಲ್ಲೇ ತಿರುಗಿದವು. ಲಿಂಬೆಹಣ್ಣು ಜಪ್ಪಯ್ಯ ಎನ್ನಲಿಲ್ಲ. ಮತ್ತೆ ಸರಿಸಿದೆ, ಮತ್ತೆ ಗುಂಯ್. ಓಣಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಮಾವನವರು ಮೆಲ್ಲಗೆ, "ಲಿಂಬಿಹಣ್ಣ ಜರಾ ದೊಡ್ಡದಾತು ಅನಸ್ತೈತಿ" ಎಂದರು. ಅವರು ನಕ್ಕಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ.

ಹೆಂಡತಿ ಬಾಗಿ ಹಣ್ಣುಗಳನ್ನು ತೆಗೆದಳು. ತಡೆ ಹೋದದ್ದೇ ತಡ, ಬಗ್ಗಿ ಅಂಗಳದ ತುಂಬ ಗಿರಗಿರ ಓಡಿತು. ಅಷ್ಟು ಅವಮಾನದ ನಡುವೆಯೂ ನನ್ನ ಮುಖ ತಾನಾಗಿ ಅರಳಿತು. ಆ ಮುಖ ನೋಡಿ ಅವಳಿಗೆ ಎಲ್ಲ ತಿಳಿಯಿತು. ಹತ್ತಿರ ಬಂದು, ಯಾರಿಗೂ ಕೇಳದಂತೆ, "ಆಟಗಿ ಸಾಮಾನ ಹೌದಲ್ರೀ?" ಎಂದಳು. ನಾನು ತಲೆ ತಗ್ಗಿಸಿದೆ. ಓಣಿಯವರ ಮುಂದೆ ಅವಳು ಆ ಮಾತು ಎತ್ತಲಿಲ್ಲ, ಇಂದಿಗೂ ಎತ್ತಿಲ್ಲ.

ಈಗ ನನ್ನ ಬಳಿ ಸ್ಕೂಟರ್ ಇದೆ. ಖಂಡೇಪೂಜೆಯ ಮುನ್ನ ಇಬ್ಬರೂ ಸಂತೆಗೆ ಹೋಗುತ್ತೇವೆ. ವ್ಯಾಪಾರಿ ರಸ ತುಂಬಿದ ದಪ್ಪ ಲಿಂಬೆಹಣ್ಣು ಎತ್ತಿ ತೋರಿಸುತ್ತಾನೆ. "ಬ್ಯಾಡಪಾ, ನಮ್ಮವರ ಗಾಡಿಗಿ. ಅಗದೀ ಸಣ್ಣವು ನೋಡಿ ಕೊಡು" ಎನ್ನುತ್ತಾಳೆ. ನಾನು ಚೀಲದ ಬಾಯಿ ಅಗಲಿಸಿ ಹಿಡಿದು, ಅದರೊಳಗೇ ನೋಡುತ್ತ ನಿಲ್ಲುತ್ತೇನೆ.